ಡೋಲು ತರಲು ಹೇಳಿದ ದಿನ

ಪ್ರಶ್ನೆ: ಮಾಸ್ಟ್ರೇ, ನಾನು ಸುರತ್ಕಲ್ ಹತ್ತಿರ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಮನೆಮಾತು ಬ್ಯಾರಿ, ಕರಾವಳಿಯ ಮುಸ್ಲಿಮರು ನಾವು. ಮುಂದಿನ ತಿಂಗಳು ನಮ್ಮ ಶಾಲೆಯಲ್ಲಿ ಅಲ್ಪಸಂಖ್ಯಾತರ ಚರಿತ್ರೆಗೆ ಒಂದು ವಾರ ಇಟ್ಟಿದ್ದಾರೆ. ಜವಾಬ್ದಾರಿ ನನ್ನದೇ. ಖುಷಿಯಾಯಿತು. ಮನೆಗೆ ಬಂದ ಮೇಲೆ ಏನೋ ಕಸಿವಿಸಿ. ಉಳಿದ ವಾರಗಳ ಚರಿತ್ರೆಯಲ್ಲಿ ನಾವು ಇಲ್ಲವಾ? ಬೇಡ ಅನ್ನಲೂ ಮನಸ್ಸಿಲ್ಲ. ಏನು ಮಾಡಲಿ?
– ಒಬ್ಬ ಶಿಕ್ಷಕಿ

ಉತ್ತರ: ಟೀಚರ್, ಬೇಡ ಅನ್ನಬೇಡಿ. ಆದರೆ ಆ ಕಸಿವಿಸಿಯನ್ನೂ ಬಿಡಬೇಡಿ. ನನಗೆ ಅದು ಬರಬೇಕಿತ್ತು, ಬರಲಿಲ್ಲ.

ಉಡುಪಿ ಕಡೆಯ ಒಂದು ಶಾಲೆಯಲ್ಲಿದ್ದಾಗ ನಾವೂ ಇಂಥದ್ದೇ ಒಂದು ದಿನ ಇಟ್ಟಿದ್ದೆವು. ಎಂಟನೇ ಕ್ಲಾಸಿನಲ್ಲಿ ಒಬ್ಬಳು ಕೊರಗರ ಹುಡುಗಿ ಇದ್ದಳು. "ಮನೆಯಿಂದ ಡೋಲು ತಾ, ಅಪ್ಪ ಬಂದು ಬಾರಿಸಲಿ" ಅಂದೆ. ಗೌರವ ಅಂದುಕೊಂಡೇ ಹೇಳಿದ್ದು. ಅವಳು ಆ ದಿನ ಬರಲಿಲ್ಲ. ಮರುದಿನವೂ ಇಲ್ಲ. ಮೂರನೇ ದಿನ ಮನೆಗೆ ಹೋದೆ. ಅವಳ ಅಪ್ಪ ಬುಟ್ಟಿ ಹೆಣೆಯುತ್ತಿದ್ದರು. ತಲೆ ಎತ್ತದೆ ಹೇಳಿದರು: "ಊರವರು ಕರೆದಾಗಲೆಲ್ಲ ನನ್ನ ಅಪ್ಪ ಡೋಲು ಹಿಡಿದು ಓಡಬೇಕಿತ್ತು ಮಾಸ್ಟ್ರೇ. ಇವಳಿಗೆ ಅದು ತಪ್ಪಲಿ ಅಂತಲೇ ಶಾಲೆಗೆ ಕಳಿಸಿದ್ದು."

ಕಂಬಳದ ಹಿಂದಿನ ರಾತ್ರಿ ಕೊರಗರು ಮಂಜಿನಲ್ಲಿ ಕೂತು ಡೋಲು ಬಾರಿಸಬೇಕಿತ್ತು. ಪನಿಕುಲ್ಲುನಿ ಅಂತ ಅದಕ್ಕೆ ಹೆಸರು. ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುವ ಅಜಲು ಬೇರೆ, ಮನೆಯವರ ಕೇಡು ಕೊರಗರಿಗೆ ಹೋಗಲಿ ಅಂತ ಮಾಡಿಸುತ್ತಿದ್ದ ಪದ್ಧತಿ. ಅಜಲು ನಿಷೇಧಿಸಿ ಕಾನೂನು ಬಂದದ್ದು 2000ದಲ್ಲಿ. ಇದೆಲ್ಲ ನನಗೆ ಗೊತ್ತಿತ್ತು. ಪಾಠದಲ್ಲಿ ಒಮ್ಮೆಯೂ ಹೇಳಿರಲಿಲ್ಲ. ವರ್ಷವಿಡೀ ಬಾಯಿ ಬಿಡದವನು ಒಂದು ದಿನ ಬಂದು ಡೋಲು ಕೇಳಿದ್ದೆ. (ಸರ್ಕಾರದ ಪಟ್ಟಿಯಲ್ಲಿ ಕೊರಗರು ಪರಿಶಿಷ್ಟ ಪಂಗಡ, ಅಲ್ಪಸಂಖ್ಯಾತರಲ್ಲ. ಆದರೂ ನಿಮ್ಮ ಕಾಗದ ಓದಿ ಮೊದಲು ನೆನಪಾದದ್ದು ಆ ಹುಡುಗಿಯೇ.)

ಹಾಗಂತ ವಾರ ಇಡುವುದೇ ತಪ್ಪಲ್ಲ. ಅಮೆರಿಕದ ಪಾಠಗಳಲ್ಲಿ ಕಪ್ಪು ಜನರ ಚರಿತ್ರೆಗೆ ಜಾಗವೇ ಇಲ್ಲದಾಗ ಚರಿತ್ರೆಕಾರ ಕಾರ್ಟರ್ ವುಡ್ಸನ್ 1926ರ ಫೆಬ್ರವರಿಯಲ್ಲಿ ಒಂದು ವಾರ ಶುರು ಮಾಡಿದರು. 1976ರಲ್ಲಿ ಅದು ತಿಂಗಳಾಯಿತು. ಅಲ್ಲಿಯೂ ಎಷ್ಟೋ ಜನರಿಗೆ ನಿಮ್ಮದೇ ಕಸಿವಿಸಿ ಇದೆ. ಆದರೆ ಪಠ್ಯಪುಸ್ತಕ ತಾನಾಗಿ ಬದಲಾಗಲಿ ಅಂತ ವುಡ್ಸನ್ ಕಾಯುತ್ತಾ ಕೂರಲಿಲ್ಲ.

ನಿಮ್ಮ ವಾರದಲ್ಲಿ ಬಪ್ಪನಾಡಿನಲ್ಲಿ ದುರ್ಗೆಗೆ ಗುಡಿ ಕಟ್ಟಿಸಿದ ವ್ಯಾಪಾರಿ ಬಪ್ಪ ಬ್ಯಾರಿಯ ಕತೆ ಹೇಳಿ ಅಂತ ಎಲ್ಲರೂ ಅನ್ನುತ್ತಾರೆ. ಹೇಳಿ, ಚೆಂದದ ಕತೆ. ಅಲ್ಲಿಗೇ ನಿಲ್ಲಿಸಬೇಡಿ. ದೇವಸ್ಥಾನದ ಕತೆಯಲ್ಲಿ ಮಾತ್ರ ಬ್ಯಾರಿಗಳು ನೆನಪಾಗಬೇಕಾ? ಬಂದರಿನ ವ್ಯಾಪಾರ, ನಿಮ್ಮ ಅಜ್ಜಿಯರ ಹಾಡು, 2009ರಲ್ಲಿ ಅಕಾಡೆಮಿ ಸಿಕ್ಕಿದ ನಿಮ್ಮ ಮಾತು, ಅದೂ ಬರಲಿ.

ಮತ್ತೆ, ವಾರ ಮುಗಿದ ಮೇಲಿನ ಸೋಮವಾರ. ಎರಡನೇ ಮೈಸೂರು ಯುದ್ಧದ ಪಾಠ ಇದೆ ಅಲ್ವಾ? ಮಂಗಳೂರು ಒಪ್ಪಂದ, 1784. ನಾನು ಅಷ್ಟು ಬರೆಸಿ ಮುಂದೆ ಹೋಗುತ್ತಿದ್ದೆ. ಅದೇ ವರ್ಷ ಟಿಪ್ಪು ಇದೇ ಕರಾವಳಿಯ ಕೊಂಕಣಿ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದ. ದಾರಿಯಲ್ಲೇ ಎಷ್ಟೋ ಜನ ಸತ್ತರು. ಉಳಿದವರಿಗೆ ಬಿಡುಗಡೆ ಸಿಕ್ಕಿದ್ದು 1799ರಲ್ಲಿ, ಟಿಪ್ಪು ಸತ್ತ ಮೇಲೆ. ಆ ಹೆಸರು ಬಂದ ಕೂಡಲೇ ಕ್ಲಾಸಿನಲ್ಲಿ ಗುಸುಗುಸು ಏಳುತ್ತದೆ, ಗೊತ್ತು. ಮಕ್ಕಳು ನಿಮ್ಮ ಮುಖವನ್ನೂ ನೋಡಿಯಾರು. ಇಸವಿ, ಊರು, ಆದದ್ದು, ಇಷ್ಟನ್ನು ನೆಟ್ಟಗೆ ಹೇಳಿ. ಒಪ್ಪಂದ ಹೇಳಿದ ಪೀರಿಯಡ್‌ನಲ್ಲೇ ಹೇಳಿ.

ಯಾವ ಮಗುವಿಗೂ ವೇಷ ಹಾಕಿಸಬೇಡಿ. ಮನೆಯಿಂದ ಏನನ್ನೂ ತರಲು ಹೇಳಬೇಡಿ.

ಆ ಹುಡುಗಿ ನಾಲ್ಕನೇ ದಿನ ಬಂದು ಕೊನೆಯ ಬೆಂಚಿನಲ್ಲಿ ಕೂತಳು. ಅವತ್ತು ಬೋರ್ಡಿನ ಮೇಲೆ 'ಅಜಲು' ಅಂತ ಬರೆದು ಪಾಠ ಶುರು ಮಾಡಿದೆ. ನಲವತ್ತು ನಿಮಿಷ ಅವಳ ಕಡೆ ನೋಡಲಿಲ್ಲ, ಬೇಕಂತಲೇ. ಬೆಲ್ ಆದ ಮೇಲೆ ನೋಡಿದರೆ ಅವಳು ಇನ್ನೂ ನೋಟ್ಸ್ ಬರೆಯುತ್ತಿದ್ದಳು.