1991ರ ಗಲ್ಫ್ ಯುದ್ಧದ ಮೊದಲ ರಾತ್ರಿ ಇರಾಕಿನ ವಾಯುರಕ್ಷಣೆ ಅಷ್ಟು ಬೇಗ ಕುಸಿದಿದ್ದು ಹೇಗೆ?

ಎಲ್ಲವೂ ರಾಡಾರ್‌ಗೆ ಸುಲಭವಾಗಿ ಕಾಣದ ಸ್ಟೆಲ್ತ್ ವಿಮಾನದ ಮಹಿಮೆ ಎನ್ನುವುದು ಅರ್ಧ ಸತ್ಯ. ಇರಾಕಿನ ರಾಡಾರ್, ಕ್ಷಿಪಣಿ, ಫಿರಂಗಿಗಳನ್ನು ಫ್ರೆಂಚರು ಕಟ್ಟಿಕೊಟ್ಟ ‘ಕಾರಿ’ ಎಂಬ ಕಂಪ್ಯೂಟರ್ ಜಾಲ ಬೆಸೆದಿತ್ತು. ಒಂದೊಂದೇ ಕ್ಷಿಪಣಿ ನೆಲೆಯನ್ನು ಒಡೆಯುತ್ತ ಕೂರದೆ, ಆ ಜಾಲವನ್ನೇ ತುಂಡರಿಸಲು ಅಮೆರಿಕನ್ನರು ಯೋಜಿಸಿದರು.

ಜನವರಿ 17ರ ನಸುಕಿನ 2:38ರ ಸುಮಾರಿಗೆ ಅಪಾಚೆ ಹೆಲಿಕಾಪ್ಟರ್‌ಗಳು ಗಡಿಯ ಎರಡು ರಾಡಾರ್ ನೆಲೆಗಳಿಗೆ ಹೆಲ್‌ಫೈರ್ ಕ್ಷಿಪಣಿ ಹೊಡೆದವು. ಕತ್ತಲ ಮರಳುಗಾಡಿನಲ್ಲಿ ದಾರಿ ತೋರಿಸಿದ್ದು ಜಿಪಿಎಸ್ ಇದ್ದ ಪೇವ್ ಲೋ ಹೆಲಿಕಾಪ್ಟರ್‌ಗಳು. ಎರಡೂ ನೆಲೆ ಒಟ್ಟಿಗೇ ಬೀಳಬೇಕಿತ್ತು. ಒಂದು ಉಳಿದರೂ ಎಚ್ಚರಿಕೆ ಬಾಗ್ದಾದ್ ಮುಟ್ಟುವ ಅಪಾಯವಿತ್ತು. 3 ಗಂಟೆಗೆ ಎಫ್-117 ಸ್ಟೆಲ್ತ್ ವಿಮಾನಗಳು ಬಾಗ್ದಾದಿನ ದೂರವಾಣಿ ಮತ್ತು ಕಮಾಂಡ್ ಕೇಂದ್ರಗಳ ಮೇಲೆ ಬಾಂಬ್ ಹಾಕಿದವು. ಬೆನ್ನಲ್ಲೇ ಬಂದ ಪೈಲಟ್‌ರಹಿತ ಹುಸಿ ವಿಮಾನಗಳನ್ನು ಹಿಡಿಯಲು ಇರಾಕಿಗಳು ರಾಡಾರ್ ಚಾಲೂ ಮಾಡಿದ್ದೇ ತಡ, ಅದರ ಅಲೆಯ ಜಾಡು ಹಿಡಿಯುವ ಹಾರ್ಮ್ ಕ್ಷಿಪಣಿಗಳು ಎರಗಿದವು. ಇಡೀ ಯೋಜನೆಯಲ್ಲಿ ನಿಜವಾದ ಜಾಣತನ ಇದ್ದದ್ದು ಇಲ್ಲೇ. ಆಮೇಲೆ ಸಿಬ್ಬಂದಿ ರಾಡಾರ್ ಹಚ್ಚಲು ಹೆದರಿ, ಕ್ಷಿಪಣಿಗಳನ್ನು ಕುರುಡಾಗಿ ಹಾರಿಸತೊಡಗಿದರು.

ಎಡವಿದ್ದೂ ಇದೆ. ನೂರಾರು ಪುಟಗಳ ದಿನದ ಹಾರಾಟ ಆದೇಶವನ್ನು ನೇರವಾಗಿ ಪಡೆಯುವ ವ್ಯವಸ್ಥೆ ವಿಮಾನವಾಹಕ ನೌಕೆಗಳಲ್ಲಿರಲಿಲ್ಲ. ವಿಮಾನದಲ್ಲೇ ಒಯ್ದು ಕೊಡಬೇಕಾಯಿತು. ಜಾಗ ಬದಲಿಸುತ್ತಿದ್ದ ಇರಾಕಿನ ಸ್ಕಡ್ ಕ್ಷಿಪಣಿಗಳ ಉಡಾವಣಾ ವಾಹನಗಳಂತೂ ಕೈಗೆ ಸಿಗಲೇ ಇಲ್ಲ. ಫೆಬ್ರವರಿ 13ರಂದು ಕಮಾಂಡ್ ಬಂಕರ್ ಎಂದು ಹೊಡೆದ ಬಾಗ್ದಾದಿನ ಅಮೀರಿಯಾ ಬಂಕರ್‌ನಲ್ಲಿ ಆಶ್ರಯ ಪಡೆದಿದ್ದ ನೂರಾರು ನಾಗರಿಕರು ಸತ್ತರು. ನಂತರ ಬಾಗ್ದಾದಿನ ಗುರಿಗಳಿಗೆ ಮೇಲಿನವರ ಬಿಗಿ ಪರಿಶೀಲನೆ ಬಂತು.