ಕೋಳಿಗೂಡು ತೊಳೆಯುವುದನ್ನು ಮೊದಲು ನಿಲ್ಲಿಸಿ

ಮುಂಗಾರು ಹಿಡಿಯಿತೆಂದರೆ ಹಿತ್ತಲಲ್ಲಿ ಕೋಳಿ ಸಾಕಿದವರಿಂದ ಬರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆ ಹೊತ್ತು ಬರುತ್ತವೆ. ಹೋದ ವರ್ಷವೂ ಉತ್ತರಿಸಿದ್ದೆ, ಅದರ ಹಿಂದಿನ ವರ್ಷವೂ. ಈ ಸಲ ಹೆಚ್ಚಿನ ಜಾಗ ಅದಕ್ಕೇ.

ಪ್ರಶ್ನೆ (ತೀರ್ಥಹಳ್ಳಿ): ಹನ್ನೆರಡು ಗಿರಿರಾಜ ಕೋಳಿಗಳಿವೆ. ಸಿಮೆಂಟ್ ನೆಲ, ತಗಡಿನ ಮಾಡು. ಥಂಡಿ ತಾಗದಿರಲೆಂದು ಸುತ್ತ ಟಾರ್ಪಾಲ್ ಕಟ್ಟಿದ್ದೇನೆ. ದಿನಾ ನೆಲ ತೊಳೆದು ಕರ್ಪೂರದ ಹೊಗೆ ಹಾಕುತ್ತೇನೆ. ಆದರೂ ಬಾಗಿಲು ತೆಗೆದರೆ ಕಣ್ಣು ಉರಿಯುತ್ತದೆ, ಕೋಳಿಗಳು ಸೀನುತ್ತಿವೆ. ಯಾವ ಔಷಧಿ ಹಾಕಲಿ?

ಉತ್ತರ: ಔಷಧಿಯ ಮಾತು ಆಮೇಲೆ. ಮೊದಲು ಟಾರ್ಪಾಲ್ ಬಿಚ್ಚಿ, ನೀರಿನ ಪೈಪನ್ನು ಸುತ್ತಿಡಿ.

ಕಣ್ಣು ಉರಿಸುವುದು ಅಮೋನಿಯಾ. ಕೋಳಿಯ ಹಿಕ್ಕೆಯಲ್ಲಿರುವ ಯೂರಿಕ್ ಆಮ್ಲವನ್ನು ಬ್ಯಾಕ್ಟೀರಿಯಾ ಒಡೆದಾಗ ಅದು ಹುಟ್ಟುತ್ತದೆ. ಆ ಕೆಲಸಕ್ಕೆ ಬ್ಯಾಕ್ಟೀರಿಯಾಗಳಿಗೆ ಬೇಕಾದದ್ದು ತೇವ. ನೀವು ದಿನಾ ಬೆಳಿಗ್ಗೆ ಬಕೆಟ್‌ಗಟ್ಟಲೆ ಅದನ್ನೇ ಕೊಡುತ್ತಿದ್ದೀರಿ. ಮಲೆನಾಡಿನ ಜುಲೈನಲ್ಲಿ ತೊಳೆದ ಸಿಮೆಂಟ್ ಸಂಜೆಯಾದರೂ ಆರುವುದಿಲ್ಲ. ಅದರ ಮೇಲೆ, ಮೊಟ್ಟೆಯಿಡುವ ಒಂದು ಹೇಂಟೆ ದಿನಕ್ಕೆ ಸುಮಾರು 200ರಿಂದ 250 ಮಿಲಿ ನೀರು ಕುಡಿಯುತ್ತದೆ. ಹನ್ನೆರಡು ಕೋಳಿಗೆ ಸುಮಾರು ಎರಡೂವರೆಯಿಂದ ಮೂರು ಲೀಟರ್. ಅದರಲ್ಲಿ ಬಹುಪಾಲು ಉಸಿರಾಗಿ, ಹಿಕ್ಕೆಯಾಗಿ ಹೊರಬರುತ್ತದೆ. ರಾತ್ರಿಯ ಪಾಲೆಲ್ಲ ಗೂಡಿನೊಳಗೇ. ಟಾರ್ಪಾಲ್ ಕಟ್ಟಿದರೆ ಆ ಹಬೆ ಹೋಗುವುದೆಲ್ಲಿಗೆ? ತಣ್ಣಗಿನ ತಗಡಿಗೆ ತಾಗಿ, ಹನಿಯಾಗಿ ಮತ್ತೆ ಕೆಳಗೆ ಬೀಳುತ್ತದೆ.

ಕೋಳಿಗೆ ಥಂಡಿಯಾಗುತ್ತದೆ ಎಂಬ ಭಯ ನಮ್ಮದು, ಕೋಳಿಯದಲ್ಲ. ಅದರ ಮೈ ಬಿಸಿ 41 ಡಿಗ್ರಿಗೂ ಮೇಲೆ, ಮೇಲಿಂದ ಗರಿಯ ಹೊದಿಕೆ. ಮಲೆನಾಡಿನ ಯಾವ ಮಳೆಗಾಲದ ರಾತ್ರಿಯೂ ಮೈ ಒದ್ದೆಯಾಗದ ದೊಡ್ಡ ಕೋಳಿಯನ್ನು ಕೊಲ್ಲುವುದಿಲ್ಲ. ಒದ್ದೆ ಗಾಳಿ ಕೊಲ್ಲುತ್ತದೆ. ಅಮೋನಿಯಾದಿಂದ ಶ್ವಾಸನಾಳದ ಒಳಪದರ ಕೆಟ್ಟರೆ ಯಾವ ಸೋಂಕಿಗೂ ಬಾಗಿಲು ತೆರೆದಂತೆ.

ಹೀಗೆ ಮಾಡಿ. ಗೋಡೆಯ ತುದಿಗೂ ಮಾಡಿಗೂ ನಡುವೆ, ಕೂತ ಕೋಳಿಯ ತಲೆಗಿಂತ ಮೇಲೆ, ಎದುರುಬದುರು ಎರಡು ಕಡೆ ಉದ್ದಕ್ಕೂ ಒಂದೊಂದಡಿ ಜಾಗ ಬಿಟ್ಟು ಬಲೆ ಹೊಡೆಯಿರಿ. ಬಿಸಿ ಹಬೆ ಅಲ್ಲಿಂದ ಹೋಗಲಿ. ಗಾಳಿ ನೇರ ಕೋಳಿಯ ಮೈಗೆ ಬೀಸದಿದ್ದರೆ ಸಾಕು. ಇರಿಚಲು ತಡೆಯಲು ಮಾಡನ್ನೇ ಮೂರಡಿ ಹೊರಗೆ ಚಾಚಿ, ಗೋಡೆ ಮುಚ್ಚಬೇಡಿ.

ನೆಲವನ್ನು ಕೆರೆದು, ಒಣಗಿಸಿ, ಸುಣ್ಣ ಬಳಿದು, ಅದು ಆರಿದ ಮೇಲೆ ನಾಲ್ಕು ಅಂಗುಲ ಉಮಿ ಹಾಸಿ. ಅಕ್ಕಿ ಗಿರಣಿಯಲ್ಲಿ ಸಿಗುತ್ತದೆ. ಉಮಿ ಎಂದರೆ ತೌಡಲ್ಲ, ದಯವಿಟ್ಟು. ಮಳೆಗೆ ನೆನೆದ ಅಡಿಕೆ ಸಿಪ್ಪೆ, ಬೂಷ್ಟು ಹಿಡಿದ ಒಣಹುಲ್ಲು ಖಂಡಿತ ಬೇಡ; ಆ ಬೂಷ್ಟಿನ ಧೂಳೇ ಶ್ವಾಸಕೋಶದಲ್ಲಿ ಬೆಳೆಯುತ್ತದೆ. ವಾರಕ್ಕೆ ಎರಡು ಸಲ ಹಾಸನ್ನು ಕೆದಕಿ ತಿರುವಿ, ಗಟ್ಟಿಯಾದ ಹೆಪ್ಪು ತೆಗೆದು ಗೊಬ್ಬರದ ಗುಂಡಿಗೆ ಹಾಕಿ. ಮುಷ್ಟಿಯಲ್ಲಿ ಹಿಂಡಿ ನೋಡಿ: ಕೈ ಬಿಟ್ಟ ಮೇಲೂ ಉಂಡೆಯಾಗಿ ನಿಂತರೆ ತೇವ ಹೆಚ್ಚು, ಹೊಸ ಉಮಿ ಸೇರಿಸಿ. ವಾಸನೆ ಬಂತೆಂದು ಹಿಕ್ಕೆಯ ಮೇಲೆ ಸುಣ್ಣ ಚೆಲ್ಲುವವರಿಗೆ ಒಂದು ಮಾತು: ಸುಣ್ಣ ತಾಗಿದ ಒದ್ದೆ ಹಿಕ್ಕೆಯಿಂದ ಅಮೋನಿಯಾ ಇನ್ನೂ ಜೋರಾಗಿ ಏಳುತ್ತದೆ. ಸುಣ್ಣದ ಜಾಗ ಖಾಲಿ ನೆಲ ಮತ್ತು ಗೋಡೆ.

ರಕ್ತಭೇದಿ ತರುವ ಕಾಕ್ಸಿಡಿಯಾ ಎಂಬ ಪರೋಪಜೀವಿ ಕೂಡ ಈ ತೇವವನ್ನೇ ಕಾಯುತ್ತಿರುತ್ತದೆ. ಹಿಕ್ಕೆಯಲ್ಲಿ ಬಿದ್ದ ಅದರ ಕೋಶಗಳು ಬೆಚ್ಚಗಿನ ಒದ್ದೆ ಹಾಸಿನಲ್ಲಿ ಒಂದೆರಡು ದಿನದಲ್ಲೇ ಸೋಂಕು ಹಬ್ಬಿಸುವಷ್ಟು ಬಲಿಯುತ್ತವೆ. ಮರಿಗಳಿದ್ದರೆ ನಾನು ಉಮಿಯ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು.

ರಾತ್ರಿ ನೀರಿನ ಪಾತ್ರೆ ಹೊರಗಿಡಿ. ಕತ್ತಲಲ್ಲಿ ಕೋಳಿ ಕುಡಿಯುವುದಿಲ್ಲ, ಒದ್ದು ಚೆಲ್ಲುತ್ತದೆ. ಕೂರುವ ಅಡ್ಡಕೋಲಿನ ಕೆಳಗೆ ಒಂದು ಹಲಗೆ ಇಟ್ಟು ಬೆಳಿಗ್ಗೆ ಕೆರೆದು ತೆಗೆದರೆ ರಾತ್ರಿಯ ಹಿಕ್ಕೆ ಉಮಿಗೆ ಸೇರುವುದೇ ಇಲ್ಲ. ಕರ್ಪೂರದ ಹೊಗೆ ಕೆಟ್ಟ ಗಾಳಿಗೆ ಇನ್ನಷ್ಟು ಹೊಗೆ ಸೇರಿಸುತ್ತದೆ, ಅಷ್ಟೆ.

ಇಷ್ಟಾಗಿ ನಾಲ್ಕು ದಿನದಲ್ಲಿ ಸೀನು ನಿಲ್ಲದಿದ್ದರೆ, ಅಥವಾ ಈಗಲೇ ಹಸಿರು ಭೇದಿ, ಕತ್ತು ತಿರುಚುವುದು ಕಂಡರೆ, ಕಾಯದೆ ಪಶು ಆಸ್ಪತ್ರೆಗೆ ಹೋಗಿ.

ಪ್ರಶ್ನೆ (ತುಮಕೂರು): ಮೊಟ್ಟೆಯಿಡಲು ಮಾಡಿದ ಪೆಟ್ಟಿಗೆಯಲ್ಲೇ ಕೋಳಿಗಳು ಮಲಗಿ ಹೊಲಸು ಮಾಡುತ್ತಿವೆ.

ಉತ್ತರ: ಪೆಟ್ಟಿಗೆ ಅಡ್ಡಕೋಲಿಗಿಂತ ಎತ್ತರದಲ್ಲಿದೆ, ಕೆಳಗಿಳಿಸಿ. ಕೋಲಿಗೆ ಎರಡು ಅಂಗುಲ ಅಗಲದ, ಅಂಚು ಉಜ್ಜಿದ ಮರ ಇರಲಿ. ಗಿರಿರಾಜದಂಥ ಭಾರದ ಕೋಳಿಯಾದರೆ ಎರಡಡಿಗಿಂತ ಎತ್ತರ ಬೇಡ, ಧುಮುಕಿ ಪಾದಕ್ಕೆ ಕೀವು ಮಾಡಿಕೊಳ್ಳುತ್ತವೆ.

ಪ್ರಶ್ನೆ (ಮೈಸೂರು): ರಾತ್ರಿಯಿಡೀ ಬಲ್ಬ್ ಉರಿಸಿದರೆ ಮೊಟ್ಟೆ ಹೆಚ್ಚುತ್ತದೆಯೇ?

ಉತ್ತರ: ಇಲ್ಲ. ಅವಕ್ಕೂ ನಿದ್ದೆ ಬೇಕು.

ಪ್ರಶ್ನೆ (ಬೆಂಗಳೂರು): ಕೋಳಿ ಬಲೆ ಹಾಕಿದ್ದರೂ ಮುಂಗುಸಿ ನುಗ್ಗಿತು.

ಉತ್ತರ: ಆ ಷಟ್ಕೋನದ ತೆಳು ತಂತಿ ಕೋಳಿಯನ್ನು ಒಳಗಿಡಲು ಮಾತ್ರ. ಅರ್ಧ ಅಂಗುಲದ ವೆಲ್ಡ್ ಮೆಶ್ ಹಾಕಿ, ಒಂದಡಿ ಮಣ್ಣಿನೊಳಗೆ ಹೂಳಿ.

ಪ್ರಶ್ನೆ (ಹಾಸನ): ಮನೆಬಾಗಿಲಿಗೆ ಬಂದವರೊಬ್ಬರು ಬೇರುಗಳ ಬಾಟಲಿ ಕೊಟ್ಟು, ಗೂಡಿನಲ್ಲಿ ನೇತುಹಾಕಿದರೆ ಕೊಕ್ಕರೆ ರೋಗ ಬಾರದು ಎಂದಿದ್ದಾರೆ.

ಉತ್ತರ: ಅದು ಸುಳ್ಳು, ಕೋಳಿಯ ಜೀವ ತೆಗೆಯುವ ಸುಳ್ಳು. ಕೊಕ್ಕರೆ ರೋಗವೆಂದರೆ ರಾಣಿಖೇತ್. ಅದು ವೈರಸ್; ತಗುಲಿದ ಮೇಲೆ ಮದ್ದಿಲ್ಲ, ಮೊದಲೇ ಲಸಿಕೆ ಹಾಕಿಸಬೇಕು. ಮರಿಗೆ 5ರಿಂದ 7ನೇ ದಿನದೊಳಗೆ ಲಸೋಟ, ನಾಲ್ಕನೇ ವಾರ ಮತ್ತೊಮ್ಮೆ, ಎಂಟನೇ ವಾರದ ಹೊತ್ತಿಗೆ ಆರ್‌2ಬಿ ಚುಚ್ಚುಮದ್ದು. ಲಸಿಕೆಯನ್ನು ಐಸ್ ಡಬ್ಬಿಯಲ್ಲೇ ತನ್ನಿ, ಬಿಸಿಲಲ್ಲಿ ಕೈಯಲ್ಲಿ ಹಿಡಿದು ತಂದದ್ದು ನೀರಿಗೆ ಸಮ. ಬಾಟಲಿ ಮಾರುವವರನ್ನು ಗೂಡಿನ ಹತ್ತಿರ ಬಿಡಬೇಡಿ. ಊರೂರಿನ ಕೋಳಿಗೂಡು ಹೊಕ್ಕು ಬಂದ ಚಪ್ಪಲಿಗೆ ಅಂಟಿದ ಹಿಕ್ಕೆಯಲ್ಲೇ ಆ ವೈರಸ್ ನಿಮ್ಮ ಹಿತ್ತಲಿಗೆ ಬರುತ್ತದೆ.