ರಾಗ ಬದಲಾದರೂ ಹಾಡು ಅದೇ?

ಓದುಗರ ಪತ್ರ (ಸಂಗ್ರಹ): ಹಾರ್ಮೋನಿಯಂ ಕಲಿತಿದ್ದೇನೆ, ಕನ್ನಡ ಕವಿತೆಗಳಿಗೆ ರಾಗ ಹಾಕುತ್ತೇನೆ. ಮಾಟುಂಗದ ಕಾರ್ಯಕ್ರಮವೊಂದರಲ್ಲಿ ಕೇಳಿದವರು ‘ಎಲ್ಲಾ ಒಂದೇ ಥರ ಇದೆಯಲ್ಲ’ ಎಂದರು. ಒಳ್ಳೆಯ ಸಂಯೋಜಕನಾಗಲು ಇನ್ನಷ್ಟು ರಾಗ ಕಲಿಯಬೇಕೇ? – ಒಬ್ಬ ಓದುಗ, ಡೊಂಬಿವಿಲಿ

ಸಂಪಾದಕರ ಉತ್ತರ: ಕಲಿಯಿರಿ, ಬೇಡವೆನ್ನುವುದಿಲ್ಲ. ಆದರೆ ತೊಂದರೆ ಇರುವುದು ರಾಗದಲ್ಲಲ್ಲ, ಪೇಟಿಯಲ್ಲಿ (ಹಾರ್ಮೋನಿಯಂನಲ್ಲಿ). ಅದನ್ನು ಮುಂದಿಟ್ಟುಕೊಂಡು ಕೂತರೆ ಬೆರಳು ರೂಢಿಯಾದ ಜಾಗಕ್ಕೇ ಹೋಗುತ್ತದೆ. ರಾಗ ಯಮನ್ ಇರಲಿ ಭೂಪ್ ಇರಲಿ, ಹತ್ತುವ ದಾರಿ ಇಳಿಯುವ ದಾರಿ ಅವೇ. ಪೇಟಿಯಲ್ಲಿ ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ನುಡಿಯದ್ದರಿಂದ ಹಾಡೂ ಸ್ವರದಿಂದ ಸ್ವರಕ್ಕೆ ಜಿಗಿಯತೊಡಗುತ್ತದೆ. ಪಲ್ಲವಿ ಹುಟ್ಟುವ ತನಕ ತಂಬೂರಿಯ ಶ್ರುತಿಯಷ್ಟೇ ಇರಲಿ, ಮೊಬೈಲ್‌ನದಾದರೂ ಸಾಕು.

ಅದಕ್ಕೂ ಮೊದಲು ಕವಿತೆಯನ್ನು ಗಟ್ಟಿಯಾಗಿ ಓದಿ, ಮಾತ್ರೆ ಎಣಿಸಿ. ‘ಮಳೆಯು ಸುರಿಯಿತು ಕಡಲ ಮೇಲಕೆ’ ಎಂಬ ಸಾಲಿದೆ ಎನ್ನಿ. ಮೂರು, ನಾಲ್ಕು, ಮೂರು, ನಾಲ್ಕು: ಭಾಮಿನಿ ಷಟ್ಪದಿಯ ನಡೆ. ಏಳು ಮಾತ್ರೆಯ ಹಿಂದೂಸ್ತಾನಿ ರೂಪಕ ತಾಳಕ್ಕೆ ತಾನಾಗಿ ಕೂರುತ್ತದೆ. ಆರು ಮಾತ್ರೆಯ ದಾದ್ರಾಕ್ಕೆ ಬಗ್ಗಿಸಿದರೆ ತಾಳದ ಎರಡನೆಯ ಆವರ್ತದ (ಸುತ್ತಿನ) ಸಮ್, ಅಂದರೆ ಮೊದಲ ಪೆಟ್ಟು, ಬಡಪಾಯಿ ‘ತು’ ಮೇಲೆ ಬಿದ್ದು ‘ಸುರಿಯಿ, ತುಕಡ’ ಎಂದು ಕೇಳುತ್ತದೆ. ಕೆಹರ್ವಾ ಎಂಟು ಮಾತ್ರೆಯದು, ಆವರ್ತಕ್ಕೊಂದು ಮಾತ್ರೆ ಮಿಗುತ್ತದೆ. ಹೊಸಬರು ಅದನ್ನು ‘ಮಳೇಯು’ ಎಂದು ಎಳೆದು ತುಂಬಿ ಮಾತನ್ನೇ ಕೆಡಿಸುತ್ತಾರೆ. ಮೊದಲರ್ಧದಲ್ಲಿ ಎಳೆಯಲು ದೀರ್ಘವೇ ಇಲ್ಲ. ಹಾಗಾಗಿ ‘ಸುರಿಯಿತು’ ಆದ ಮೇಲೆ ಒಂದು ಮಾತ್ರೆ ಸುಮ್ಮನಿರಬೇಕು. ಮುಂದಿನರ್ಧದ ‘ಮೇ’ಯನ್ನು ಬೇಕಾದರೆ ಧಾರಾಳವಾಗಿ ಎಳೆಯಿರಿ.

ಒಂದೇ ಚರಣವನ್ನು ಹೀಗೆ ಎರಡು ಮೂರು ತಾಳಗಳಲ್ಲಿ, ಪ್ರತಿಸಲ ಬೇರೆ ಸ್ವರದಿಂದ ಎತ್ತಿಕೊಂಡು ಕಟ್ಟಿ. ಫೋನಿನಲ್ಲಿ ರೆಕಾರ್ಡ್ ಮಾಡಿ ಮೂರು ದಿನ ಮುಟ್ಟಬೇಡಿ. ಆಮೇಲೂ ಪಲ್ಲವಿ ನೆನಪಿಗೆ ಬರದಿದ್ದರೆ ಅದನ್ನು ಬಿಟ್ಟುಬಿಡಿ. ಸ್ವಂತ ಹಾಡಿನ ಮೇಲೆ ದಾಕ್ಷಿಣ್ಯ ಇಟ್ಟುಕೊಂಡವರು ಮುಂದೆ ಬರುವುದು ಕಷ್ಟ. ತೀರಾ ಸಲೀಸಾಗಿ ಬಂದರೂ ಒಮ್ಮೆ ಅನುಮಾನಿಸಿ, ಲೋಕಲ್ ರೈಲಿನಲ್ಲಿ ಕಿವಿಗೆ ಬಿದ್ದ ಹಿಂದಿ ಹಾಡೇ ವೇಷ ಬದಲಿಸಿ ಬಂದಿರಬಹುದು. ಉಳಿದದ್ದನ್ನು ಇನ್ನೊಬ್ಬರಿಗೆ ಕಲಿಸಿ. ಅವರು ಪ್ರತಿಸಲ ಅದೇ ಜಾಗದಲ್ಲಿ ಎಡವಿದರೆ ತಿದ್ದಬೇಕಾದ್ದು ಹಾಡನ್ನು.

ಶ್ರುತಿ ಹಾಡುವವರದಿರಲಿ, ನಿಮ್ಮದಲ್ಲ. ಗಂಡಸರಿಗೆ ಸಾಮಾನ್ಯವಾಗಿ ಪೇಟಿಯ ಬಿಳಿ ಮನೆ ಒಂದರಿಂದ ಕಾಳಿ (ಕಪ್ಪು ಮನೆ) ಎರಡು, ಹೆಂಗಸರಿಗೆ ಕಾಳಿ ನಾಲ್ಕು, ಐದು. ಸಂಘದ ಸಮೂಹಗಾನವಾದರೆ ಮಂದ್ರ (ಕೆಳ ಸ್ಥಾಯಿಯ) ನಿಷಾದದಿಂದ ತಾರ (ಮೇಲಿನ ಸ್ಥಾಯಿಯ) ರಿಷಭದೊಳಗೇ ಮುಗಿಸಿ. ತಾರ ಮಧ್ಯಮಕ್ಕೆ ಹೋದರೆ ಅರ್ಧ ಜನ ಬಾಯಿ ಆಡಿಸುತ್ತಾರೆ ಅಷ್ಟೇ.

ಹಕ್ಕಿನ ವಿಷಯ ನೀವು ಕೇಳಿಲ್ಲ, ಆದರೂ ಹೇಳಬೇಕು. ಕವಿ ತೀರಿಕೊಂಡು 60 ವರ್ಷದವರೆಗೆ ಕೃತಿಸ್ವಾಮ್ಯ ಉಳಿದಿರುತ್ತದೆ. 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕವಿತೆಯನ್ನು ಯೂಟ್ಯೂಬಿಗೆ ಏರಿಸುವ ಮುನ್ನ ಹಕ್ಕುದಾರರ ಲಿಖಿತ ಅನುಮತಿ ಬೇಕು. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರದಕ್ಕೆ ಬೇಡ. ಅಭ್ಯಾಸಕ್ಕೆ ಅವರಿಂದಲೇ ಶುರುಮಾಡಿ. ವಚನಗಳಿಗೂ ಅನುಮತಿ ಬೇಡ, ಆದರೆ ಅವುಗಳಲ್ಲಿ ಮಾತ್ರಾಗಣದ ಕಟ್ಟು ಇಲ್ಲ. ಕೈ ಪಳಗಿದ ಮೇಲೆ ಎತ್ತಿಕೊಳ್ಳಿ.